ನ್ಯಾಯಾಧೀಶರ ಮೇಜಿನ ಮೇಲಿನ ಪಡವಲಕಾಯಿ

ದ್ರೌಪದಮ್ಮನಿಗೆ ಕೋಪ ಬಂದರೆ ಟೈಪ್‌ರೈಟರಿನ ಸದ್ದೇ ಬೇರೆಯಾಗುತ್ತಿತ್ತು. ಚಾಮರಾಜಪೇಟೆಯ ಜಾಬ್ ಟೈಪಿಂಗ್ ಅಂಗಡಿಯ ಮಾಲೀಕರಾದ ಶ್ರೀನಿವಾಸಯ್ಯನವರು ಮೂಲೆಯ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸು ಬರುವಾಗ, ಇನ್ನೂ ನಾಲ್ಕು ಅಂಗಡಿ ದೂರ ಇರುವಾಗಲೇ ಆ ಸದ್ದು ಕೇಳಿ, ಇವತ್ತು ಈ ಹುಡುಗಿಯನ್ನು ಮಾತಾಡಿಸಬಾರದು ಎಂದು ತೀರ್ಮಾನಿಸುತ್ತಿದ್ದರು. ಅಂಥ ದಿನ ಅವಳು ಹೊಡೆದ ಪೂರ್ಣವಿರಾಮಗಳು ಕಾಗದವನ್ನು ತೂತು ಮಾಡಿ ಕೆಳಗಿನ ಕಾರ್ಬನ್ನಿಗೂ ಇಳಿದಿರುತ್ತಿದ್ದವು. ಎಪ್ಪತ್ತೇಳರ ಬೇಸಿಗೆಯಲ್ಲಿ ಅಂಗಡಿಗೆ ಕಾರ್ಬನ್ ಖರ್ಚು ಜಾಸ್ತಿಯಾಯಿತು. ಅದಕ್ಕೆ ಕಾರಣ ಗಾಂಧಿನಗರದ ಸಿನಿಮಾದವರು.

ಕೋಪ ಅವಳಿಗೆ ಹೆಸರಿನ ಜೊತೆಗೇ ಬಂದದ್ದು ಎಂದು ತಾಯಿ ಚಿಕ್ಕಮುನಿಯಮ್ಮ ಹೇಳುತ್ತಿದ್ದಳು. ತಿಗಳರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಕರಗದ ದೇವಿಯ ಹೆಸರಿಟ್ಟ ಮೇಲೆ ಇಟ್ಟವರು ಅನುಭವಿಸಬೇಕು, ಇನ್ನೇನು. ಹನುಮಂತನಗರದ ಆಚೆಗೆ ಅವರದೊಂದು ಸೊಪ್ಪಿನ ತೋಟವಿತ್ತು. ಅದು ಬಡಾವಣೆಗೆ ಹೋಗಿ ಸೈಟುಗಳಾದ ಮೇಲೆ ಗಂಡ ಅದೇ ಕೊರಗಿನಲ್ಲಿ ತೀರಿಕೊಂಡ. ತಾನು ಬೆಳೆದದ್ದನ್ನು ಮಾರುತ್ತಿದ್ದ ಚಿಕ್ಕಮುನಿಯಮ್ಮ ಗಾಂಧಿ ಬಜಾರಿನಲ್ಲಿ ಕೂತು ಬೇರೆಯವರು ಬೆಳೆದದ್ದನ್ನು ಮಾರತೊಡಗಿದಳು. ಮಗಳು ಹೈಸ್ಕೂಲು ಮುಗಿಸಿ, ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿ, ಎಪ್ಪತ್ತನೇ ಇಸವಿಯಲ್ಲಿ ಶ್ರೀನಿವಾಸಯ್ಯನವರ ಅಂಗಡಿಯ ಮಿಷನ್ ಮುಂದೆ ಕೂತಳು.

ಅಂಗಡಿಗೆ ಕೋರ್ಟಿನ ಅರ್ಜಿಗಳು ಬರುತ್ತಿದ್ದವು, ಸಂಘಗಳ ವರದಿಗಳು ಬರುತ್ತಿದ್ದವು, ಸಿನಿಮಾದ ಚಿತ್ರಕಥೆಗಳೂ ಬರುತ್ತಿದ್ದವು. ಪುಟವನ್ನು ಉದ್ದುದ್ದ ಎರಡು ಭಾಗ ಮಾಡಿ, ಎಡಕ್ಕೆ ಕಣ್ಣಿಗೆ ಕಾಣುವುದನ್ನು, ಬಲಕ್ಕೆ ಮಾತುಗಳನ್ನು ಹೊಡೆಯಬೇಕು. ಒಂದೇ ಏಟಿಗೆ ಐದು ಪ್ರತಿ. ಮೊದಲನೆಯದು ನಿರ್ಮಾಪಕರಿಗೆ, ಎರಡನೆಯದು ನಿರ್ದೇಶಕರಿಗೆ, ಮೂರನೆಯದು ಕ್ಯಾಮೆರಾದವರಿಗೆ, ನಾಲ್ಕನೆಯದು ಸಹಾಯಕರಿಗೆ. ಐದನೆಯದು, ಅಂದರೆ ಅಕ್ಷರ ಯಾವುದು ಕೊಳೆ ಯಾವುದು ಎಂದು ತಿಳಿಯದ ಹಾಗೆ ಮಸುಕಾಗಿರುವುದು, ಸೆಟ್ಟಿಗೆ ಸಾಮಾನು ಹೊಂದಿಸುವ ಪ್ರಾಪರ್ಟಿಯವರಿಗೆ.

ಆರು ವರ್ಷದಲ್ಲಿ ಇಂಥ ನಲವತ್ತು ಚಿತ್ರಕಥೆಗಳನ್ನು ದ್ರೌಪದಮ್ಮ ಅಕ್ಷರ ಅಕ್ಷರ ಓದಿದಳು. ಓದುತ್ತ ಓದುತ್ತ ಅವಳಿಗೆ ಮೈ ಉರಿಯುತ್ತಿತ್ತು. ಇಪ್ಪತ್ತನೇ ಪುಟದಲ್ಲಿ ಸತ್ತ ಅತ್ತೆ ಅರವತ್ತನೇ ಪುಟದಲ್ಲಿ ಆರತಿ ಎತ್ತುತ್ತಿದ್ದಳು. ತರಕಾರಿ ಮಾರುವ ಹೆಂಗಸು ಬಂದರೆ ಅವಳು ನಗಿಸುವುದಕ್ಕೇ ಬಂದಿರಬೇಕು, ಇಲ್ಲವೇ ಹೀರೋ ಕಾಲಿಗೆ ಬೀಳಬೇಕು. ಇದಕ್ಕೆಲ್ಲ ದುಡ್ಡು ಕೊಡುತ್ತಾರಲ್ಲ ಎಂದು ಹೊಟ್ಟೆ ಉರಿದುಕೊಂಡವಳು, ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಒಂದು ದಿನ ಕೆಟ್ಟುಹೋದ ಹಾಳೆಗಳ ಹಿಂಬದಿಯಲ್ಲಿ ತಾನೇ ಬರೆಯಲು ಶುರುಮಾಡಿದಳು. ನಾಲ್ಕು ವರ್ಷ ಬರೆದಳು. ತೋಟ ಕಳೆದುಕೊಂಡ ಒಬ್ಬ ವಿಧವೆ, ಆ ಜಾಗದಲ್ಲಿ ಸೈಟು ಸಿಕ್ಕಿದ ಒಬ್ಬ ಗುಮಾಸ್ತ. ಅವನು ಕಲ್ಲು ನೆಟ್ಟು ಹೋದರೆ ಇವಳು ಬಂದು ಕಲ್ಲಿನ ಸುತ್ತ ಸೊಪ್ಪು ಬಿತ್ತುತ್ತಾಳೆ. ಅವನು ಕಿತ್ತು ಹಾಕುತ್ತಾನೆ, ಇವಳು ಮತ್ತೆ ಬಿತ್ತುತ್ತಾಳೆ. ಇಬ್ಬರೂ ಕೆಟ್ಟವರಲ್ಲ. ಅದೇ ಕಥೆ. 'ಸೈಟ್ ನಂಬರ್ ನೂರ ಹದಿನಾಲ್ಕು' ಎಂದು ಹೆಸರಿಟ್ಟು, ಅಂಗಡಿ ಮುಚ್ಚುವ ಹೊತ್ತಿಗೆ ದಿನಕ್ಕೆ ಎರಡು ಪುಟದಂತೆ ತಾನೇ ಟೈಪ್ ಮಾಡಿದಳು.

ಅವಳಿಗೆ ಬೇಕಾದದ್ದು ಇಷ್ಟೆ. ಸಿನಿಮಾ ಮಾಡುವ ಯಾರಾದರೂ ಒಬ್ಬರು ಇದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದಿ ಚೆನ್ನಾಗಿಲ್ಲ ಎಂದರೆ ಅವಳು ಸುಮ್ಮನಾಗುತ್ತಿದ್ದಳು. ಕಡೇಪಕ್ಷ ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಮೂರು ಕಂಪನಿಗಳಿಗೆ ರಿಜಿಸ್ಟರ್ ಪೋಸ್ಟ್ ಕಳಿಸಿದಳು. ಮುಟ್ಟಿದ ರಸೀತಿಗಳು ಸಹಿಯಾಗಿ ಬಂದವು, ಪ್ರತಿಗಳು ಬರಲಿಲ್ಲ. ಗಾಂಧಿನಗರದ ಆಫೀಸುಗಳಿಗೆ ಖುದ್ದು ಹೋದಳು. ಮಹಡಿ ಮೆಟ್ಟಿಲ ಮೇಲೆ ಬೀಡಿ ಸೇದುತ್ತ ಕೂತವರು "ಯಾರ ಕಡೆಯೋರು?" ಎಂದು ಕೇಳುತ್ತಿದ್ದರು. ಯಾರ ಕಡೆಯವಳೂ ಅಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಒಬ್ಬನಂತೂ ಅವಳನ್ನು ಮೇಲಿಂದ ಕೆಳಗೆ ನೋಡಿ, "ಪಾರ್ಟು ಬೇಕಾದ್ರೆ ನಾಳೆ ಬಾ, ಗುಂಪಲ್ಲಿ ನಿಲ್ಲೋಕೆ ಹೆಂಗಸ್ರು ಬೇಕು" ಎಂದ. ಕೈಯಲ್ಲಿ ಫೈಲು ಹಿಡಿದ ಹೆಂಗಸು ಬಂದರೆ ಆ ಜನಕ್ಕೆ ಫೈಲು ಕಾಣುವುದೇ ಇಲ್ಲ. ಅವತ್ತು ಅವಳು ಬಸ್ಸು ಹತ್ತದೆ ಮೆಜೆಸ್ಟಿಕ್ಕಿನಿಂದ ಮನೆಯವರೆಗೂ ಬೈದುಕೊಂಡೇ ನಡೆದಳು.

ಕೊನೆಗೆ ಶ್ರೀನಿವಾಸಯ್ಯನವರೇ ದಾರಿ ತೋರಿಸಿದರು. "ನಮ್ಮ ಗಿರಾಕಿ ಮಾಯಣ್ಣ ಇದಾರಲ್ಲ, ಆರು ಪಿಕ್ಚರ್ ಡೈರೆಕ್ಟ್ ಮಾಡಿದಾರೆ. ನಾನು ಹೇಳಿದೀನಿ ಅನ್ನು. ಉಪ್ಪಾರಪೇಟೆ ಲಾಡ್ಜಲ್ಲಿ ರೂಮ್ ಹಾಕ್ಕೊಂಡಿದಾರೆ, ಹೋಗಿ ನೋಡು" ಎಂದರು. ಒಬ್ಬಳೇ ಲಾಡ್ಜಿಗೆ ಹೋಗುವುದು ಹೇಗೆ? ಚಿಕ್ಕಮುನಿಯಮ್ಮ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ಬರಿಗೈಯಲ್ಲಿ ಹೋಗಬಾರದೆಂದು ಒಂದು ಚೀಲ ಹೀರೇಕಾಯಿ ಹಿಡಿದು ಮಗಳ ಜೊತೆ ಹೊರಟಳು.

ಮಧ್ಯಾಹ್ನ ಮೂರು ಗಂಟೆ. ರೂಮಿನಲ್ಲಿ ಎರಡು ಮಂಚ, ಐದು ಜನ ಗಂಡಸರು. ಮಾಯಣ್ಣ ಬನಿಯನ್ ಮೇಲೆ ಟವೆಲು ಹೊದ್ದು ದಿಂಬಿಗೆ ಒರಗಿದ್ದರು. ಮಿಕ್ಕವರ ಕೆಲಸ ಏನೆಂದು ಗೊತ್ತಾಗುವಂತಿರಲಿಲ್ಲ. ಇಸ್ಪೀಟು ಆಡುತ್ತಿದ್ದರು, ಬೋಂಡ ತಿನ್ನುತ್ತಿದ್ದರು, ಮಾಯಣ್ಣ ನಕ್ಕಾಗ ನಗುತ್ತಿದ್ದರು. ದ್ರೌಪದಮ್ಮ ಫೈಲು ಮುಂದೆ ಚಾಚಿದಳು. ಮಾಯಣ್ಣ ಕೈ ಚಾಚಲಿಲ್ಲ.

"ಕಥೆ ಹೇಳಮ್ಮ" ಎಂದರು.

"ಬರ್ದಿದೀನಿ ಸರ್. ನೂರಾ ಹನ್ನೆರಡು ಪೇಜಿದೆ."

"ಅದು ಗೊತ್ತಾಯ್ತು. ಇಲ್ಲಿ ಯಾರೂ ಓದಲ್ಲ, ಕೇಳ್ತೀವಿ. ಹೇಳು. ಹೀರೋ ಎಂಟ್ರಿಯಿಂದ ಶುರು ಮಾಡು."

ಗಾಂಧಿನಗರದ ಪದ್ಧತಿಯೇ ಅದು. ಕಥೆಯನ್ನು ಓದುವುದಿಲ್ಲ, ಹೇಳಿಸುತ್ತಾರೆ. ಹೇಳುವುದೆಂದರೆ ಸುಮ್ಮನೆ ಹೇಳುವುದಲ್ಲ. ಬಾಯಲ್ಲೇ ಡೋಲು ಹೊಡೆಯಬೇಕು, ಮಂಚದಿಂದ ಮಂಚಕ್ಕೆ ಹಾರಬೇಕು, ತಾಯಿ ಸಾಯುವ ಸೀನಿನಲ್ಲಿ ನಿಜವಾಗಿ ಅಳಬೇಕು. ಎಷ್ಟೋ ಪುಣ್ಯಾತ್ಮರು ಒಂದು ಸಾಲೂ ಬರೆಯದೆ ಬರೀ ಹೀಗೆ ಕುಣಿದು ಕಥೆಗಾರರಾಗಿದ್ದರು. ದ್ರೌಪದಮ್ಮನಿಗೆ ಕುಣಿಯಲು ಬರುತ್ತಿರಲಿಲ್ಲ. ನಿಂತಲ್ಲೇ ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, ಬೆಳಗಿನ ಜಾವದ ಒಂದು ಖಾಲಿ ಸೈಟಿನಿಂದ ಶುರುಮಾಡಿದಳು. ಮೂರನೇ ವಾಕ್ಯಕ್ಕೆ ಒಬ್ಬ ಕಾಫಿ ಹೇಳಲು ಎದ್ದುಹೋದ. ಇನ್ನೊಬ್ಬ, "ಹೀರೋ ಎಲ್ಲಿ?" ಎಂದ.

"ಹೀರೋ ಇಲ್ಲ. ಒಬ್ಬ ಗುಮಾಸ್ತ ಇದಾನೆ."

ರೂಮು ನಕ್ಕಿತು. ಚಿಕ್ಕಮುನಿಯಮ್ಮನಿಗೆ ತಡೆಯಲಾಗಲಿಲ್ಲ. "ನಗ್ಬೇಡಿ ಸ್ವಾಮಿ, ನಮ್ ಹುಡ್ಗಿ ನಾಕ್ ವರ್ಸ ಕಣ್ಣು ಕಳ್ಕೊಂಡು ಬರ್ದವ್ಳೆ. ಒಸಿ ಓದಿ ನೋಡಿ" ಎಂದಳು. ಮುದುಕಿಯ ಮಾತಿಗೆ ಮಾಯಣ್ಣನವರಿಗೆ ಮುಜುಗರವಾಯಿತೋ, ಬೇಗ ಸಾಗಹಾಕಿದರೆ ಸಾಕೆನಿಸಿತೋ, "ಆಯ್ತಮ್ಮ, ಇಟ್ಟು ಹೋಗಿ. ಓದ್ತೀನಿ" ಎಂದರು. ಫೈಲನ್ನೂ ಹೀರೇಕಾಯಿಯನ್ನೂ ಮಂಚದ ಕೆಳಗೆ ಒಟ್ಟಿಗೇ ಇಟ್ಟರು.

ಆದರೆ ದ್ರೌಪದಮ್ಮ ಸಿನಿಮಾದವರನ್ನು ಆರು ವರ್ಷ ನೋಡಿದವಳು. ಬರುವ ಮೊದಲೇ ಹದಿನೇಳು, ನಲವತ್ತೊಂದು, ಎಂಬತ್ತು, ಈ ಮೂರು ಪುಟಗಳ ಸಂದಿಯಲ್ಲಿ ಒಂದೊಂದು ಚೆಂಡುಹೂವಿನ ಎಸಳು ಇಟ್ಟಿದ್ದಳು. ಮಗುಚಿದರೆ ಬೀಳಲೇಬೇಕು.

ಮೂರು ತಿಂಗಳಾದ ಮೇಲೆ ಮಾಯಣ್ಣನವರು ತಮ್ಮ ಹೊಸ ಚಿತ್ರದ ಕೈಬರಹ ಹಿಡಿದು ಅಂಗಡಿಗೆ ಬಂದರು. ಅದರ ಜೊತೆಗೆ ಅವಳ ಫೈಲೂ ಇತ್ತು. ರಟ್ಟಿನ ಮೇಲೆ ಕಾಫಿ ಲೋಟದ ಗುರುತು ಮೂರು ಕಡೆ ಗುಂಡಗೆ ಮೂಡಿತ್ತು.

"ಓದಿದೆ ಕಣಮ್ಮ. ಪರವಾಗಿಲ್ಲ, ಕೈ ಕುದುರ್ತಿದೆ. ಸೆಕೆಂಡ್ ಹಾಫ್ ಸ್ವಲ್ಪ ಎಳೆದಂಗಿದೆ. ಫೈಟಿಗೆ ಜಾಗ ಮಾಡು" ಎಂದು, ತಮ್ಮ ಕಥೆ ಹದಿನೈದು ದಿನದಲ್ಲಿ ಆಗಬೇಕೆಂದು ಹೇಳಿ ಹೋದರು.

ಅವಳು ಹದಿನೇಳನೇ ಪುಟ ತೆಗೆದಳು. ಎಸಳು ಒಣಗಿ ಕಾಗದಕ್ಕೆ ಅಂಟಿತ್ತು. ನಲವತ್ತೊಂದರಲ್ಲೂ ಇತ್ತು. ಎಂಬತ್ತರಲ್ಲಿ, ಅವಳು ಇಟ್ಟ ಜಾಗದಲ್ಲೇ, ಇಟ್ಟ ಹಾಗೇ ಇತ್ತು. ಓದುವುದಿಲ್ಲ ಎಂದು ಹೇಳಿದ್ದರೆ ಅವಳು ಸಹಿಸುತ್ತಿದ್ದಳು. ಓದದೆ ಓದಿದೆ ಎಂದ ಆ ಬಾಯಿ, ಕೈ ಕುದುರುತ್ತಿದೆ ಎಂದು ಬೆನ್ನು ತಟ್ಟಿದ ಆ ಧಾರಾಳ, ಅದನ್ನು ನೆನೆದರೆ ಪಿತ್ತ ನೆತ್ತಿಗೇರುತ್ತಿತ್ತು. ಅವಳು ಮೂರು ಎಸಳನ್ನೂ ಕಿತ್ತು ಬೀದಿಗೆ ಎಸೆದು, ಅವರ ಕೈಬರಹ ಮುಂದಿಟ್ಟುಕೊಂಡು ಮಿಷನ್ ಮೇಲೆ ಬಿದ್ದಳು.

ಕೋರ್ಟಿನ ಕಥೆ ಅದು. ಹನ್ನೆರಡು ದಿನ ತುಟಿಪಿಟಿಕ್ಕೆನ್ನದೆ ಹೊಡೆದಳು. ನಲವತ್ತೇಳನೇ ದೃಶ್ಯದಲ್ಲಿ ಹೀರೋ ಕಟಕಟೆಯಲ್ಲಿ ನಿಂತು ನ್ಯಾಯದ ಬಗ್ಗೆ ಎರಡು ಪುಟ ಕೂಗಾಡುತ್ತಾನೆ. ಎಡಗಡೆ, ಸೆಟ್ಟಿನ ವಿವರದಲ್ಲಿ, 'ನ್ಯಾಯಾಧೀಶರ ಮೇಜಿನ ಮೇಲೆ ಕಾನೂನು ಪುಸ್ತಕಗಳು, ಸುತ್ತಿಗೆ' ಎಂದಿತ್ತು. ಅವಳ ಕೈ ಅಲ್ಲಿ ನಿಂತಿತು. ಆಮೇಲೆ ಮುಂದುವರಿಸಿದಳು: 'ಮತ್ತು ತುದಿಗೆ ಕಲ್ಲು ಕಟ್ಟಿದ ಒಂದು ಪಡವಲಕಾಯಿ'.

ಪಡವಲಕಾಯಿ ಸೊಟ್ಟಗಾಗದೆ ನೆಟ್ಟಗೆ ಇಳಿಯಲಿ ಎಂದು ಬಳ್ಳಿಯಲ್ಲಿರುವಾಗ ತುದಿಗೆ ಕಲ್ಲು ಕಟ್ಟುವುದು ತೋಟದವರ ಕ್ರಮ. ಅಪ್ಪನ ಜೊತೆ ಅವಳೂ ಕಟ್ಟಿದ್ದಳು. ಅದನ್ನು ಯಾಕೆ ಬರೆದಳೆಂದು ಕೇಳಿದರೆ ಕೋಪಕ್ಕೆ ತೋಚಿದ್ದು ಅದು, ಅಷ್ಟೆ. ಮಾಯಣ್ಣ ಓದಿದರೆ ಕೂಗಾಡುತ್ತ ಬರಲಿ, ಕೆಲಸ ಹೋದರೆ ಹೋಗಲಿ. ಆ ಮನುಷ್ಯ ತನ್ನ ಕಥೆಯನ್ನಾದರೂ ಓದುತ್ತಾನೆ ಎಂದು ಗೊತ್ತಾಗುತ್ತದೆ. ಟೈಪಾದದ್ದನ್ನು ಮೂಲದ ಜೊತೆ ತಾಳೆ ನೋಡಬೇಕಾದವರು ಶ್ರೀನಿವಾಸಯ್ಯನವರು. ಕೋರ್ಟಿನ ಅರ್ಜಿಯಾದರೆ ಕನ್ನಡಕ ಹಾಕಿಕೊಂಡು ಸಾಲು ಸಾಲು ನೋಡುವವರು, ಸಿನಿಮಾದ್ದೆಂದು ಪುಟ ಸಹ ತಿರುವದೆ 'ತಾಳೆ ನೋಡಿದೆ' ಎಂದು ಸಹಿ ಹಾಕಿ ಕಟ್ಟು ಕಟ್ಟಿದರು.

ಒಂದು ವಾರ ಆಯಿತು, ಯಾರೂ ಬರಲಿಲ್ಲ. ಮುಹೂರ್ತ ಆಯಿತು, ಪೇಪರಿನಲ್ಲಿ ಫೋಟೋ ಬಂತು. ತಿಂಗಳಾಯಿತು. ನಿರ್ಮಾಪಕ ಓದಲಿಲ್ಲ, ನಿರ್ದೇಶಕ ಓದಲಿಲ್ಲ, ಕ್ಯಾಮೆರಾದವನು ಓದಲಿಲ್ಲ, ಸಹಾಯಕರೂ ಓದಲಿಲ್ಲ. ಲಕ್ಷಾಂತರ ಸುರಿದು ಮಾಡುವ ಸಿನಿಮಾದ ಕಥೆಯನ್ನು ಮಾಡುವವರೇ ಓದುವುದಿಲ್ಲ ಎಂದ ಮೇಲೆ ತನ್ನದನ್ನು ಯಾರು ಓದಿಯಾರು? ಆ ದಿನಗಳಲ್ಲಿ ಟೈಪ್ ಮಾಡಿಸಲು ಬಂದ ವಕೀಲರೂ ಅವಳ ಮುಖ ನೋಡಿ ದನಿ ತಗ್ಗಿಸುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಂಗಡಿಯ ಮುಂದೆ ಕಾರು ನಿಂತಿತು. ಮಾಯಣ್ಣ ಇಳಿದ ರೀತಿಯಲ್ಲೇ ವಿಷಯ ಗೊತ್ತಾಯಿತು. ಅವರ ಹಿಂದೆ ಐವತ್ತರ ಆಸುಪಾಸಿನ, ಖಾಕಿ ಚಡ್ಡಿ ತೊಟ್ಟ, ಒಣಕಲು ಮನುಷ್ಯನೊಬ್ಬ ಇಳಿದ. ಅವನ ಒಂದು ಕೈಯಲ್ಲಿ ಮಸುಕು ಅಕ್ಷರದ ಐದನೇ ಪ್ರತಿ ಇತ್ತು. ಇನ್ನೊಂದು ಕೈಯಲ್ಲಿ ಮೂರು ಅಡಿ ಉದ್ದದ ಪಡವಲಕಾಯಿ ಇತ್ತು, ತುದಿಗೆ ದಾರದಲ್ಲಿ ಕಲ್ಲು ಕಟ್ಟಿತ್ತು.

"ಯಾರ್ರೀ ಇದನ್ನ ಹೊಡ್ದಿದ್ದು?" ಮಾಯಣ್ಣ ಪುಟವನ್ನು ಶ್ರೀನಿವಾಸಯ್ಯನವರ ಮೇಜಿನ ಮೇಲೆ ಕುಕ್ಕಿದರು. "ನಿನ್ನೆ ಸೆಟ್ಟಲ್ಲಿ ಇನ್ನೂರು ಜನದ ಮುಂದೆ ನನ್ನ ಮಾನ ಹೋಯ್ತು. ಲೈಟ್ ಹಾಕಿ ರೆಡಿ ಅಂತೀನಿ, ಜಡ್ಜ್ ಮುಂದೆ ತರಕಾರಿ. ಜಡ್ಜ್ ಪಾರ್ಟಿನವ್ನು ನಕ್ಕಿದ್ದೇ ನಕ್ಕಿದ್ದು. ಈ ಓಬಳಪ್ಪ ಅನ್ನೋ ಪ್ರಾಪರ್ಟಿ ಗೂಬೆ, ಸ್ಕ್ರಿಪ್ಟಲ್ಲಿದೆ ಸಾರ್ ಅಂತ ಎಲ್ರ ಎದುರಿಗೂ ಓದಿ ತೋರಿಸ್ತಾನೆ. ಪ್ರೊಡ್ಯೂಸರ್ ಕೇಳ್ತಾರೆ, ನೀವು ಓದಿರ್ಲಿಲ್ವಾ ಮಾಯಣ್ಣ ಅಂತ."

ಶ್ರೀನಿವಾಸಯ್ಯನವರು ಕನ್ನಡಕ ಹುಡುಕತೊಡಗಿದರು. ದ್ರೌಪದಮ್ಮ ಎದ್ದು ನಿಂತಳು.

"ನಾನೇ ಸರ್ ಹೊಡ್ದಿದ್ದು. ಪ್ರೊಡ್ಯೂಸರ್ ಕೇಳಿದ್ದು ಸರಿಯಾಗೇ ಇದೆ. ಓದಿರ್ಲಿಲ್ವಾ?"

"ಏನಂದೆ?"

"ಒಂದೂವರೆ ತಿಂಗಳು ನಿಮ್ಮ ಹತ್ರ ಇತ್ತು. ಓದಿದ್ರೆ ಪಡವಲಕಾಯಿ ಸೆಟ್ಟಿಗೆ ಬರ್ತಿರ್ಲಿಲ್ಲ, ಅವತ್ತೇ ನನ್ನ ಕಿವಿ ಹಿಂಡ್ತಿದ್ರಿ. ನಂದೂ ಓದಿದೆ ಅಂದ್ರಿ. ಸೆಕೆಂಡ್ ಹಾಫ್ ಎಳೆದಂಗಿದೆ ಅಂದ್ರಿ. ನಾನು ಇಟ್ಟಿದ್ದ ಹೂವಿನ ಎಸಳು ಮೂರೂ ಇಟ್ಟಲ್ಲೇ ಇತ್ತು ಸರ್. ಕಾಫಿ ಲೋಟ ಇಡೋಕೆ ಹಲಗೆ ಬೇಕಿದ್ರೆ ಕೇಳಬೇಕಿತ್ತು, ಕೊಡ್ತಿದ್ದೆ. ನಾಲ್ಕು ವರ್ಷ ಬರ್ದಿದ್ದು ಯಾಕೆ ಇಟ್ಕೊಂಡ್ರಿ?"

ಮಾಯಣ್ಣ ಶ್ರೀನಿವಾಸಯ್ಯನವರ ಕಡೆ ತಿರುಗಿದರು. ಈ ಹುಡುಗಿ ಇಲ್ಲಿರುವ ತನಕ ಗಾಂಧಿನಗರದ ಒಂದು ಹಾಳೆಯೂ ಈ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದರು. ಶ್ರೀನಿವಾಸಯ್ಯನವರು ಕೆಟ್ಟವರಲ್ಲ, ಹೆದರುವವರು. "ನೋಡಮ್ಮ ದ್ರೌಪದಿ, ತಪ್ಪು ನಿನ್ನದೇ ತಾನೆ. ನಾಳೆಯಿಂದ ಬರಬೇಡ" ಎಂದರು.

"ತಪ್ಪು ನನ್ನದೇ ಸರ್, ಇಲ್ಲ ಅನ್ನಲ್ಲ. ಆದ್ರೆ ಕೆಳಗಡೆ ತಾಳೆ ನೋಡಿದೆ ಅಂತ ಸಹಿ ಯಾರದು, ಅದನ್ನೂ ಒಂದ್ಸಲ ನೋಡಿ" ಎಂದು ಚೀಲ ತೆಗೆದುಕೊಂಡಳು.

ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿ, ಮೈ ಹಗುರಾಗಿ ಹೊರಗೆ ಬರುತ್ತಿದ್ದವಳು ಬಾಗಿಲಲ್ಲಿ ತಡೆದು ನಿಂತಳು. ಓಬಳಪ್ಪ ಇನ್ನೂ ಪಡವಲಕಾಯಿ ಹಿಡಿದೇ ನಿಂತಿದ್ದ. ಕೆಳಗಿಡು ಎಂದು ಯಾರೂ ಹೇಳಿರಲಿಲ್ಲ. ಮಾಯಣ್ಣ ಅವನ ಪಕ್ಕದಲ್ಲೇ ಹಾದು ಕಾರು ಹತ್ತುತ್ತ, "ನೀನೂ ಬರಬೇಡ ಇನ್ಮೇಲೆ. ತಲೆ ಇಲ್ದಿರೋರು ನನ್ನ ಯೂನಿಟ್ಟಿಗೆ ಬೇಡ" ಎಂದರು. ಕಾರು ಹೋಯಿತು.

ಓಬಳಪ್ಪನೇ ದ್ರೌಪದಮ್ಮನ ಕಡೆ ತಿರುಗಿ ಮಾತಾಡಿದ. ಸಿಟ್ಟಿನಿಂದಲ್ಲ, ಕೆಲಸದವರು ಕೆಲಸದ ಮಾತು ಆಡುವ ಹಾಗೆ.

"ಬಜಾರಲ್ಲಿ ಕಲ್ಲು ಕಟ್ಟಿರೋದು ಸಿಗಲ್ಲಮ್ಮ, ಬಿಚ್ಚೇ ತರ್ತಾರೆ. ಬಳ್ಳಿ ಹುಡ್ಕೊಂಡು ಊರಾಚೆ ಒಂದು ತೋಟಕ್ಕೆ ಹೋಗಿದ್ದೆ. ಕಲ್ಲು ಎಷ್ಟು ದೊಡ್ಡದಿರಬೇಕು ಅಂತ ನೀವು ಬರ್ದಿರ್ಲಿಲ್ಲ. ಅದೊಂದು ಡೌಟಿತ್ತು."

ಅವಳಿಗೆ ಆಗ ಬಂದ ಕೋಪ ಮೊದಲು ಬಂದ ಯಾವ ಕೋಪದ ಹಾಗೂ ಇರಲಿಲ್ಲ, ಏಕೆಂದರೆ ಅದು ತನ್ನ ಮೇಲೇ ಬಂದಿತ್ತು. ಐದು ಪ್ರತಿಯಲ್ಲಿ ಓದಿದವನು ಒಬ್ಬ. ಕಣ್ಣಿಗೆ ಕಾಣದ ಅಕ್ಷರವನ್ನು ಕಣ್ಣಿಗೆ ಒತ್ತಿಕೊಂಡು ಓದಿದವನು. ಮಾಯಣ್ಣನಿಗೆಂದು ಎತ್ತಿದ ಕಲ್ಲು ನೇರವಾಗಿ ಹೋಗಿ ಅವನ ಹಣೆಗೆ ಬಡಿದಿತ್ತು. "ಅಣ್ಣಾ, ನನ್ನಿಂದ ತಪ್ಪಾಯ್ತು" ಎಂದಳು. ಓಬಳಪ್ಪ ಕಾಯಿಯನ್ನು ಅವಳ ಕೈಗೆ ಕೊಟ್ಟು, ಬಸ್ ಸ್ಟಾಪಿನ ಕಡೆ ನಡೆದ.

ಆ ರಾತ್ರಿ ಚಿಕ್ಕಮುನಿಯಮ್ಮ ಪಡವಲಕಾಯಿ ಪಲ್ಯ ಮಾಡಿದಳು. ಮಗಳು ಮುಟ್ಟಲಿಲ್ಲ.

ಮರುದಿನದಿಂದ ದ್ರೌಪದಮ್ಮ ಗಾಂಧಿ ಬಜಾರಿನಲ್ಲಿ ತಾಯಿಯ ಪಕ್ಕ ಕೂತಳು. ಚೌಕಾಸಿ ಮಾಡುವ ಗಿರಾಕಿಗಳಿಗೆ ಅವಳ ಬಾಯಿಂದ ಚೆನ್ನಾಗಿಯೇ ಸಿಕ್ಕಿತು. ಹತ್ತು ದಿನ ಹೀಗೆ ಕಳೆದು, ಹನ್ನೊಂದನೇ ದಿನ ತಡೆಯಲಾರದೆ ಓಬಳಪ್ಪನನ್ನು ಹುಡುಕಿಕೊಂಡು ಹೋದಳು. ಉಪ್ಪಾರಪೇಟೆಯ ಲಾಡ್ಜುಗಳ ಹಿಂದಿನ ಓಣಿಯಲ್ಲಿ ಅವನದೊಂದು ಗೋಡೌನು ಇತ್ತು. ಬಣ್ಣದ ಕಾಗದ ಸುತ್ತಿದ ಸಿಂಹಾಸನ, ಕಾಲು ಮುರಿದ ತೊಟ್ಟಿಲು, ಒಂದು ರಾಶಿ ಟೆಲಿಫೋನು. ಬೈಯಲಿ, ಬೈಯಿಸಿಕೊಂಡು ಬರುತ್ತೇನೆ ಎಂದೇ ಹೋಗಿದ್ದಳು. ಓಬಳಪ್ಪ ಸ್ಟೂಲು ಒರೆಸಿ ಕೊಟ್ಟ.

"ಇಪ್ಪತ್ತಾರು ವರ್ಷ ಈ ಕೆಲಸ ಮಾಡ್ತಿದೀನಿ. ಒಂದ್ ಯೂನಿಟ್ ಹೋದ್ರೆ ಇನ್ನೊಂದು. ಅದನ್ನ ಮನಸ್ಸಿಗೆ ಹಚ್ಕೋಬೇಡಿ" ಎಂದ. ಆಮೇಲೆ ಸ್ವಲ್ಪ ಹಿಂಜರಿದು, "ನೀವೊಂದು ಕಥೆ ಬರ್ದಿದೀರಂತೆ ಅಲ್ವಾ? ಅಂಗಡೀಲಿ ಹೇಳಿದ್ರಿ. ಐದನೇ ಕಾಪಿ ಇದ್ರೆ ಕೊಡಿ, ನೋಡ್ತೀನಿ" ಎಂದ.

"ನೀವ್ಯಾಕಣ್ಣ ಓದ್ತೀರಿ? ಯಾರಿಗಾದ್ರೂ ಕೊಡಿಸ್ತೀರಾ?"

"ನಂಗೆ ಯಾರು ಬೆಲೆ ಕೊಡ್ತಾರೆ. ಸೆಟ್ಟಲ್ಲಿ ಮೂಲೇಲಿ ನಿಂತಿರೋನು ನಾನು. ಸುಮ್ನೆ ಓದ್ತೀನಿ. ಓದೋದು ಅಭ್ಯಾಸ. ನಾನು ಒಂದು ಸಾಲು ಬಿಟ್ರೆ ಅವತ್ತು ಮದುವೆ ಸೀನಿಗೆ ತಾಳಿ ಇರಲ್ಲ."

ಅವಳು ಮನೆಗೆ ಹೋಗಿ ಕಾಫಿ ಗುರುತಿನ ರಟ್ಟನ್ನು ಹರಿದು, ಹೊಸ ರಟ್ಟು ಹಾಕಿ, ಮೊದಲನೇ ಪ್ರತಿಯನ್ನೇ ತಂದು ಕೊಟ್ಟಳು. ಓಬಳಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಅಕ್ಷರ ಇಷ್ಟು ಕಪ್ಪಗಿರುತ್ತಾ" ಎಂದ. ಇಪ್ಪತ್ತಾರು ವರ್ಷದಲ್ಲಿ ಅವನ ಕೈಗೆ ಮೊದಲ ಪ್ರತಿ ಬಂದದ್ದು ಅದೇ ಮೊದಲು.

ಈ ಸಲ ಅವಳು ಪುಟಗಳ ನಡುವೆ ಏನೂ ಇಡಲಿಲ್ಲ.

ಮುಂದೆ ಆ ಸಿನಿಮಾ ಆಯಿತೇ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು: ಆಗಲಿಲ್ಲ. ಎಂಬತ್ತೊಂದರಲ್ಲಿ ಅವಳಿಗೆ ಶಂಕರಪುರದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸ ಸಿಕ್ಕಿತು, ಅಲ್ಲೂ ಎಲ್ಲರ ಜೊತೆ ಜಗಳವಾಡಿಕೊಂಡು ಚೆನ್ನಾಗಿಯೇ ಇದ್ದಳು. ಇನ್ನೂ ಎರಡು ಚಿತ್ರಕಥೆ ಬರೆದಳು. ಗಾಂಧಿನಗರ ಅವನ್ನೂ ಓದಲಿಲ್ಲ. ಮಾಯಣ್ಣನ ಕೋರ್ಟಿನ ಚಿತ್ರ ಮೂರು ವಾರ ಓಡಿತು.

ಆದರೆ ಎಪ್ಪತ್ತೇಳರಲ್ಲಿ, ಫೈಲು ಕೊಟ್ಟ ಎರಡು ವಾರಕ್ಕೆ, ಬೆಳಿಗ್ಗೆ ವ್ಯಾಪಾರದ ಹೊತ್ತಿನಲ್ಲಿ ಓಬಳಪ್ಪ ಗಾಂಧಿ ಬಜಾರಿಗೆ ಬಂದ. ಸೊಪ್ಪಿನ ಕಟ್ಟುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಫೈಲು ತೆಗೆದ. ಅದರ ಹಿಂದೆ ರೂಲು ಎಳೆದ ಏಳು ಹಾಳೆ ಪೋಣಿಸಿದ್ದ. ಪೆನ್ಸಿಲ್ಲಿನಲ್ಲಿ, ದೃಶ್ಯ ಒಂದರಿಂದ ತೊಂಬತ್ತಾರರವರೆಗೆ, ಯಾವುದಕ್ಕೆ ಏನು ಬೇಕೆಂದು ಪಟ್ಟಿ ಮಾಡಿದ್ದ. ಗುದ್ದಲಿ, ಹಳೆಯದು, ಹಿಡಿ ಸವೆದಿರಬೇಕು. ಗುಮಾಸ್ತನ ಊಟದ ಡಬ್ಬಿ, ಎರಡು ಅಂತಸ್ತಿನದು. ಸೈಟಿನ ಕಲ್ಲು ನಾಲ್ಕು, ಒಂದರ ಮೇಲೆ ನಂಬರು ಅಳಿಸಿರಬೇಕು. ವಿಧವೆಯ ಗಂಡನ ಬಿತ್ತನೆ ಬೀಜದ ಮಡಕೆ, ಸೀನು ಮೂವತ್ತರಲ್ಲಿ ಒಡೆಯುತ್ತದೆ, ಮೂರು ತರಬೇಕು.

ಸಿನಿಮಾ ಆಗುವ ಕಥೆಗೆ ಮಾಡುವ ಪಟ್ಟಿ ಅದು. ಅವಳು ಏಳೂ ಹಾಳೆಯನ್ನು ಒಂದು ಸಾಲೂ ಬಿಡದೆ ಓದಿದಳು.

"ಒಂದ್ ಕಡೆ ತಪ್ಪಿದೆಯಮ್ಮ" ಎಂದ ಓಬಳಪ್ಪ. "ಒಂಬತ್ತನೇ ಸೀನಲ್ಲಿ ಆಯಮ್ಮ ಸಿಟ್ಟು ಮಾಡ್ಕೊಂಡು ಕುಡುಗೋಲನ್ನ ಬಾವಿಗೆ ಎಸೀತಾರೆ. ಇಪ್ಪತ್ತೆರಡನೇ ಸೀನಲ್ಲಿ ಅದೇ ಕುಡುಗೋಲಲ್ಲಿ ಸೊಪ್ಪು ಕೊಯ್ತಾರೆ. ಎರಡು ತರ್ಬೇಕಾ, ಇಲ್ಲಾ ಬಾವಿಯಿಂದ ಎತ್ಸೋದು ಒಂದು ಸೀನ್ ಬರೀತೀರಾ?"

ದ್ರೌಪದಮ್ಮ ಫೈಲು ಕಿತ್ತುಕೊಂಡು ಎರಡೂ ಪುಟ ನೋಡಿದಳು. ನಿಜ. ನಾಲ್ಕು ವರ್ಷ ಬರೆದು, ತಾನೇ ಟೈಪ್ ಮಾಡಿ, ಸತ್ತ ಅತ್ತೆ ಆರತಿ ಎತ್ತುತ್ತಾಳೆಂದು ಊರಿನವರನ್ನೆಲ್ಲ ಆಡಿಕೊಂಡವಳಿಗೆ ತನ್ನ ಕುಡುಗೋಲು ಕಂಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ರೇಗಬೇಕೆಂದು ತಿಳಿಯದೆ ತಾಯಿಯ ಮೇಲೆ ರೇಗಿದಳು. "ಪೆನ್ನೆಲ್ಲಿಟ್ಟಿದೀಯ, ಒಂದಿನ ಒಂದು ಸಾಮಾನು ಇಟ್ಟಲ್ಲಿರಲ್ಲ" ಎನ್ನುತ್ತ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

"ಇನ್ನೊಂದು ಕೇಳೋದಿತ್ತು" ಎಂದು ಓಬಳಪ್ಪ ಕೊನೆಯ ಹಾಳೆಯ ಮೇಲೆ ಬೆರಳಿಟ್ಟ. "ಲಾಸ್ಟ್ ಸೀನಲ್ಲಿ ಮನೆ ಕಟ್ಟೋಕೆ ಸುರಿದಿರೋ ಮರಳಿನ ಅಂಚಲ್ಲಿ ದಂಟು ಎದ್ದಿರುತ್ತೆ ಅಂತ ಬರ್ದಿದೀರಿ. ಕಿತ್ತು ತಂದು ಚುಚ್ಚಿದ್ರೆ ಲೈಟಿನ ಬಿಸಿಗೆ ಅರ್ಧ ಗಂಟೇಲಿ ಬಾಡೋಗುತ್ತೆ. ನಿಜವಾಗ್ಲೂ ಬಿತ್ತಬೇಕು. ಯಾವಾಗ ಮಾಡಿದ್ರೂ ಸರಿ, ಯಾರು ಮಾಡಿದ್ರೂ ಸರಿ, ನಂಗೆ ಮೂರು ವಾರ ಮುಂಚೆ ಹೇಳ್ಬೇಕು."

"ಹೇಳ್ತೀನಣ್ಣ" ಎಂದಳು.

ಅವನು ಎದ್ದು ಹೋದ ಮೇಲೆ ಅವಳು ಆಲೂಗಡ್ಡೆ ಮೂಟೆಗೆ ಒರಗಿ, ಒಂಬತ್ತನೇ ದೃಶ್ಯವನ್ನು ಹೊಡೆದುಹಾಕಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆಯತೊಡಗಿದಳು. ಜರಿ ಪಂಚೆಯ ಗಿರಾಕಿಯೊಬ್ಬರು ಬಂದು ದಂಟು ಹೇಗೆ ಎಂದು ಎರಡು ಸಲ ಕೇಳಿದರು, ಮೂರನೇ ಸಲ ದನಿ ಏರಿಸಿದರು.

"ಸ್ವಲ್ಪ ಇರಿ ಸ್ವಾಮಿ. ಬರೀತಿದೀನಿ, ಕಾಣ್ತಿಲ್ವಾ?" ಎಂದಳು ತಲೆ ಎತ್ತದೆ.